ಊರ ನಡುವೆ ಒಂದು ರೂಮು

ಹೋಟೆಲಿನವರ ಜಾಹೀರಾತುಗಳಲ್ಲಿ ತಪ್ಪದೆ ಬರುವ ಒಂದು ಮಾತಿದೆ: "ನಗರದ ಹೃದಯಭಾಗದಲ್ಲಿ". ಸ್ಟೇಷನ್ನಿಗೆ ಹತ್ತಿರ, ಬಸ್ ಸ್ಟ್ಯಾಂಡಿಗೆ ಹತ್ತಿರ, ಪೇಟೆಗೂ ಹತ್ತಿರ ಅಂತ ಅದರ ಅರ್ಥ. ಬ್ಯಾಂಕಿನ ನೌಕರಿಯಲ್ಲಿ ವರ್ಗಾವಣೆ, ಇನ್‌ಸ್ಪೆಕ್ಷನ್ನು ಎಂದು ಎರ್ನಾಕುಲಂ, ತಿರುವನಂತಪುರಗಳಲ್ಲಿ ವರ್ಷಗಟ್ಟಲೆ ಓಡಾಡಿದವನು ನಾನು. ಹಾಲ್ಟಿಂಗ್ ಅಲೋವೆನ್ಸಿನ ಮಿತಿಯೊಳಗೆ ಈ ಹೃದಯಭಾಗದಲ್ಲೇ ಒಂದು ರೂಮು ಹುಡುಕುವುದು ಒಂದು ವಿದ್ಯೆಯೇ ಆಗಿತ್ತು. ಹಾಗೆ ಹುಡುಕುತ್ತಾ, ಸಂಜೆಯ ಬಿಡುವಿನಲ್ಲಿ ಅಲ್ಲಿನ ಚರಿತ್ರೆ ಓದುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಊರಿನ ಹೃದಯಭಾಗ ಒಂದೇ ಕಡೆ ನಿಂತಿದ್ದಲ್ಲ. ಅಷ್ಟೇ ಅಲ್ಲ, ಒಂದು ಕಾಲಕ್ಕೆ ಹೊರಗಿನವರಿಗೆ ಎಲ್ಲಕ್ಕಿಂತ ಹೆಚ್ಚು ಮುಚ್ಚಿದ್ದ ಜಾಗ ಅದೇ!

ತಿರುವನಂತಪುರದಿಂದಲೇ ಶುರು ಮಾಡೋಣ. ತಿರುವಾಂಕೂರಿನ ಮಾರ್ತಾಂಡವರ್ಮ 1750ರಲ್ಲಿ ತನ್ನ ರಾಜ್ಯವನ್ನೇ ಪದ್ಮನಾಭಸ್ವಾಮಿಗೆ ಒಪ್ಪಿಸಿ ದೇವರ ದಾಸನಾಗಿ ಆಳಿದ. 1795ರಲ್ಲಿ ರಾಜಧಾನಿ ಪದ್ಮನಾಭಪುರದಿಂದ ಇಲ್ಲಿಗೆ ಬಂತು. ಆಗ ಊರಿನ ನಡು ಎಂದರೆ ಕೋಟೆ, ಕೋಟೆಯೊಳಗಿನ ದೇವಸ್ಥಾನ. ದೂರದಿಂದ ಬಂದವರಿಗೆ ಊಟ ವಸತಿಯ ಏರ್ಪಾಡು ಇರಲಿಲ್ಲವೆಂದಲ್ಲ. 'ಊಟ್ಟುಪುರ' ಎಂಬ ಸರ್ಕಾರಿ ಊಟದ ಮನೆಗಳು ರಾಜ್ಯದ ಉದ್ದಕ್ಕೂ ಇದ್ದವು. ಊಟ ಬಿಟ್ಟಿ; ಆದರೆ ಬ್ರಾಹ್ಮಣರಿಗೆ ಮಾತ್ರ. ಆರು ವರ್ಷಕ್ಕೊಮ್ಮೆ 56 ದಿನ ನಡೆಯುವ ಮುರಜಪಕ್ಕೆ ಬಂದ ವೈದಿಕರಿಗಂತೂ ರಾಜಾತಿಥ್ಯವೇ. ಮುರಜಪ ಈಗಲೂ ನಡೆಯುತ್ತದೆ, ಊಟ್ಟುಪುರಗಳು ಮಾತ್ರ ಬರಬರುತ್ತಾ ಮುಚ್ಚಿಹೋದವು.

ಈ ಅತಿಥಿಗಳ ಸಾಲಿನಲ್ಲಿ ನಮ್ಮ ತುಳುನಾಡಿನವರೂ ಇದ್ದರು. ಪದ್ಮನಾಭಸ್ವಾಮಿಯ ಪೂಜೆಗೆ ಬರುವ ನಂಬಿಗಳಲ್ಲಿ 'ಅಕ್ಕರ ದೇಶಿ', 'ಇಕ್ಕರ ದೇಶಿ' ಎಂದು ಎರಡು ಪಂಗಡ. ಅಕ್ಕರ ಎಂದರೆ ಆಚೆ ದಡ. ಯಾವ ಹೊಳೆಯ ಆಚೆ ಅಂತೀರಿ? ಕಾಸರಗೋಡಿನ ಚಂದ್ರಗಿರಿ ಹೊಳೆಯ ಆಚೆ. ಅಂದರೆ ನಮ್ಮ ಕಡೆಯವರೇ. ತಿರುವಾಂಕೂರಿನವರು ಇವರನ್ನು 'ಪೋಟ್ಟಿ' ಎಂದು ಕರೆದರು, ಕೊಚ್ಚಿ ಮಲಬಾರುಗಳಲ್ಲಿ 'ಎಂಬ್ರಾಂದಿರಿ' ಎಂದರು. ಪೂಜೆಗೆ ಹೋದವರ ಹಿಂದೆಯೇ ಅಡುಗೆಗೆ ಹೋದವರೂ ಇದ್ದರು. ಕಾಲ ಬದಲಾದಂತೆ ಅವರಲ್ಲಿ ಕೆಲವರು ಪೇಟೆಯಲ್ಲಿ ಒಲೆ ಹೂಡಿದರು. ಹಳೆಯ ಮಲಯಾಳಿಗಳ ಬಾಯಲ್ಲಿ ಅದು 'ಪೋಟ್ಟಿ ಹೋಟೆಲ್'. ನಾವು ಹೆಮ್ಮೆಯಿಂದ ಉಡುಪಿ ಹೋಟೆಲು ಅನ್ನುತ್ತೇವಲ್ಲ, ಅದರ ತೆಂಕಣ ದಾಯಾದಿ ಎನ್ನಿ.

ಹಾಗಾದರೆ ಉಳಿದವರು? ಒಬ್ಬ ಈಳವನೋ ಪುಲಯನೋ ಕಂದಾಯದ ಕೆಲಸಕ್ಕೆ ರಾಜಧಾನಿಗೆ ಬಂದರೆ ರಾತ್ರಿ ಎಲ್ಲಿ ಮಲಗಬೇಕಿತ್ತು? ಮಲಗುವುದಿರಲಿ, ನಡೆಯುವುದೇ ಕಷ್ಟವಿತ್ತು. ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿಯೇ 1924-25ರಲ್ಲಿ ವೈಕಂ ಸತ್ಯಾಗ್ರಹ ನಡೆಯಬೇಕಾಯಿತು. ಊಟದ ಪಂಕ್ತಿಯ ಮಾತಂತೂ ಕೇಳಲೇಬೇಡಿ. 1917ರಲ್ಲಿ ಕೊಚ್ಚಿಯ ಹತ್ತಿರದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಎಂಬ ತರುಣ ಈಳವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ 'ಮಿಶ್ರಭೋಜನ' ಮಾಡಿಸಿದರು. ಅದಕ್ಕೆ ಅವರ ಸ್ವಂತ ಈಳವ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿ, 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಅವರು ಆ ಹೆಸರನ್ನೇ ಬಿರುದೆಂದು ಇಟ್ಟುಕೊಂಡರು.

ಬಿಳಿಯರದ್ದು ಬೇರೆಯೇ ಏರ್ಪಾಡು. ಎರ್ನಾಕುಲಂ ದಡದೆದುರಿನ ಬೋಳ್ಗಾಟ್ಟಿ ದ್ವೀಪದಲ್ಲಿ ಡಚ್ಚರು 1744ರಲ್ಲಿ ಕಟ್ಟಿಸಿದ ಬಂಗಲೆ ಮುಂದೆ ಬ್ರಿಟಿಷ್ ರೆಸಿಡೆಂಟರ ಮನೆಯಾಯಿತು. ತಿರುವನಂತಪುರದ ಮಾಸ್ಕಟ್ ಹೋಟೆಲಿನ ಕಟ್ಟಡ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳ ವಸತಿಯಾಗಿತ್ತು. ಇವತ್ತು ಎರಡೂ ಕೇರಳ ಪ್ರವಾಸೋದ್ಯಮ ನಿಗಮದ ಹೋಟೆಲುಗಳು. ದುಡ್ಡಿದ್ದವರು ಯಾರು ಬೇಕಾದರೂ ಉಳಿಯಬಹುದು.

ಊರಿನ ನಡುವನ್ನು ಕದಲಿಸಿದ್ದು ರೈಲು. ಕೊಚ್ಚಿಯ ಮಹಾರಾಜ ರಾಮವರ್ಮ ತೃಪ್ಪೂಣಿತ್ತುರ ದೇವಸ್ಥಾನದ ಆನೆಗಳ ಚಿನ್ನದ ನೆತ್ತಿಪಟ್ಟಗಳನ್ನು ಮಾರಿ ಹಣ ಹೊಂದಿಸಿದ ಎಂಬುದು ಅಲ್ಲಿ ಮನೆಮಾತು. ಆ ರೈಲು 1902ರಲ್ಲಿ ಶೋರನೂರಿನಿಂದ ಎರ್ನಾಕುಲಂಗೆ ಬಂತು. ದೇವಸ್ಥಾನದೊಳಗೆ ಯಾರನ್ನು ಬಿಡುತ್ತಿರಲಿಲ್ಲವೋ ಅವರನ್ನೂ ಹೊತ್ತು ತಂದ ಗಾಡಿಗೆ ದೇವಸ್ಥಾನದ ಚಿನ್ನವೇ ಬಂಡವಾಳ! ತಿರುವನಂತಪುರದಲ್ಲಿ 1931ರಲ್ಲಿ ತಂಬಾನೂರಿನ ಸ್ಟೇಷನ್ ತೆರೆಯಿತು. ಆಮೇಲೆ ಪರಸ್ಥಳದವರ ಪಾಲಿಗೆ ಊರಿನ ನಡು ಎಂದರೆ ಕೋಟೆಯಲ್ಲ, ತಂಬಾನೂರು. ಎರ್ನಾಕುಲಂನಲ್ಲಿ ಸೌತ್ ಸ್ಟೇಷನ್ನು, ಎಂ.ಜಿ. ರಸ್ತೆ.

ಲಾಡ್ಜುಗಳು ಬೆಳೆದದ್ದು ಈ ಜಾಗಗಳಲ್ಲೇ. ಹೆಸರಿನದೇ ಒಂದು ತಮಾಷೆ. ನಮ್ಮಲ್ಲಿ ಹೋಟೆಲು ಎಂದರೆ ತಿನ್ನುವ ಜಾಗ, ಉಳಿಯಲು ಲಾಡ್ಜು. ಅಲ್ಲಿಯೂ ಹಾಗೇ, ಆದರೆ ಉಳಿಯುವ ಜಾಗಕ್ಕೆ 'ಟೂರಿಸ್ಟ್ ಹೋಮ್' ಅನ್ನುವ ಮೂರನೆಯ ಹೆಸರೂ ಉಂಟು. ಬರುವವರು ಟೂರಿಸ್ಟರಲ್ಲ, ಔಷಧ ಕಂಪನಿಯ ರೆಪ್ರೆಸೆಂಟೇಟಿವ್‌ಗಳು, ಹೈಕೋರ್ಟಿನ ಕಕ್ಷಿದಾರರು, ನಮ್ಮಂಥ ಬ್ಯಾಂಕಿನವರು. ಉಡುಪಿ ಕಡೆಯ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನಲ್ಲಿ ಜನಪ್ರಿಯಗೊಳಿಸಿದ ವುಡ್‌ಲ್ಯಾಂಡ್ಸ್ ಎಂಬ ಹೆಸರು ಎರ್ನಾಕುಲಂನ ಎಂ.ಜಿ. ರಸ್ತೆಯಲ್ಲೂ ಇದೆ, ಹೋಟೆಲಿನಿಂದಾಗಿ ಆ ವೃತ್ತಕ್ಕೇ 'ವುಡ್‌ಲ್ಯಾಂಡ್ಸ್ ಜಂಕ್ಷನ್' ಎಂದು ಹೆಸರಾಗಿದೆ.

ಕಾನೂನೂ ನಿಧಾನವಾಗಿ ಬಂತು. ತಿರುವಾಂಕೂರಿನಲ್ಲಿ 1936ರ ನವೆಂಬರ್ 12ರಂದು ದೇವಸ್ಥಾನ ಪ್ರವೇಶದ ಘೋಷಣೆಯಾಯಿತು. ಪಕ್ಕದ ಕೊಚ್ಚಿ ರಾಜ್ಯದವರು 1947ರವರೆಗೆ ಕಾಯಬೇಕಾಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಅಂಗಡಿ, ಹೋಟೆಲುಗಳಿಗೆ ಜಾತಿಯ ಕಾರಣದಿಂದ ಯಾರನ್ನೂ ಬಿಡದೇ ಇರುವಂತಿಲ್ಲ ಎಂದಿತು. ಹಾಗೆ ತಡೆಯುವುದನ್ನು ಶಿಕ್ಷಾರ್ಹ ಮಾಡಿದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ. ಸಂವಿಧಾನ ಬರೆದವರು ಹೋಟೆಲನ್ನು ಹೆಸರಿಸಿ ಹೇಳಿದ್ದಾರೆ, ಗಮನಿಸಿ. ಅದು ಸಣ್ಣ ವಿಷಯವೆಂದು ಅವರಿಗೆ ಅನಿಸಿರಲಿಲ್ಲ.

ಅದು ಯಾಕೆ ಸಣ್ಣದಲ್ಲ ಎಂದು ನನಗೆ ಮನದಟ್ಟು ಮಾಡಿದವರು ಚಾಮರಾಜನಗರದ ಕಡೆಯ ಒಬ್ಬ ಸಹೋದ್ಯೋಗಿ. 90ರ ದಶಕದಲ್ಲಿ ಒಮ್ಮೆ ತಂಬಾನೂರಿನ ಲಾಡ್ಜೊಂದರ ಕೌಂಟರಿನಲ್ಲಿ ಇಬ್ಬರೂ ರಿಜಿಸ್ಟರು ತುಂಬುತ್ತಿದ್ದೆವು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ. ಬರೆದು ಮುಗಿಸಿ ಅವರು ನಕ್ಕರು. "ಇಷ್ಟೆಲ್ಲಾ ಕೇಳ್ತಾರೆ, ಒಂದು ಮಾತ್ರ ಕೇಳಲ್ಲ ನೋಡಿ ಸಾರ್. ನಮ್ಮಪ್ಪ ಊರ ಹೋಟ್ಲಲ್ಲಿ ಹೊರಗಡೆ ಕೂತು ಟೀ ಕುಡಿದು, ಲೋಟ ತಾನೇ ತೊಳೆದಿಟ್ಟು ಬರ್ತಿದ್ರು," ಅಂದರು. ನಾನು ಏನೂ ಹೇಳಲಿಲ್ಲ. ರೂಮ್‌ಬಾಯ್ ಅವರ ಕೈಯಿಂದ ಸೂಟ್‌ಕೇಸ್ ತೆಗೆದುಕೊಂಡು "ವರೂ ಸಾರ್" ಎಂದು ಮೆಟ್ಟಿಲು ಹತ್ತಿದ.

ಊಟಕ್ಕೆ ಕೂತಾಗ ನಮಗೆ ಹೊಸತೆನಿಸಿದ್ದು ಬೇರೆ. ದಪ್ಪ ಕೆಂಪು ಮಟ್ಟ ಅಕ್ಕಿಯ ಅನ್ನ; ಲೋಟದಲ್ಲಿ ಪದಿಮುಗಂ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ಬಿಸಿನೀರು. ಮೊದಲ ಸಲ ನೋಡಿದವರು ಶರಬತ್ತು ಅಂದುಕೊಳ್ಳುತ್ತಾರೆ. ಸಂಜೆ ಕಾಫಿಗೆ ಬಸ್ ಸ್ಟ್ಯಾಂಡಿನ ಪಕ್ಕದ ಇಂಡಿಯನ್ ಕಾಫಿ ಹೌಸ್. ಲಾರಿ ಬೇಕರ್ ವಿನ್ಯಾಸದ, ಇಟ್ಟಿಗೆಯ, ಶಂಖದಂತೆ ಸುತ್ತಿಕೊಂಡು ಮೇಲೇರುವ ಕಟ್ಟಡ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿದಾಗ ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, 1957ರಲ್ಲಿ. ಕೇರಳದ ಮೊದಲನೆಯದು 1958ರಲ್ಲಿ ತ್ರಿಶೂರಿನಲ್ಲಿ ಬಾಗಿಲು ತೆರೆಯಿತು. ಪೇಟ ತೊಟ್ಟ ಸಪ್ಲೈಯರೇ ಮಾಲೀಕರಲ್ಲೊಬ್ಬ, ಮಂತ್ರಿಯ ಪಿ.ಎ.ಗೂ ಪೋರ್ಟರಿಗೂ ಒಂದೇ ಬೆಂಚು.

ಇಷ್ಟಾದರೂ ಒಂದು ಬಾಗಿಲು ಬಹುಕಾಲ ಅರ್ಧವೇ ತೆರೆದಿತ್ತು. ಅದೇ 90ರ ದಶಕದಲ್ಲಿ ಬ್ಯಾಂಕಿನ ಕೆಲಸಕ್ಕೆ ಒಬ್ಬರೇ ಬಂದ ನಮ್ಮ ಮಹಿಳಾ ಅಧಿಕಾರಿಯೊಬ್ಬರಿಗೆ ಎರಡು ಲಾಡ್ಜುಗಳವರು "ಗಂಡಸರು ಯಾರೂ ಜೊತೆಗಿಲ್ವಾ?" ಎಂದು ಕೇಳಿ ರೂಮಿಲ್ಲ ಅಂದಿದ್ದರು. ಬೀಗದ ಕೈಗಳು ಹಿಂದಿನ ಹಲಗೆಯಲ್ಲಿ ಸಾಲಾಗಿ ತೂಗುತ್ತಿದ್ದವಂತೆ. ಕೊನೆಗೆ ಅವರು ಆ ರಾತ್ರಿ ಕಳೆದದ್ದು ಸಹೋದ್ಯೋಗಿಯೊಬ್ಬರ ಮನೆಯಲ್ಲಿ. ಅವರಿಗೆ ಊರಿನ ಹೃದಯಭಾಗ ಇನ್ನೂ ಕೋಟೆಯೇ ಆಗಿತ್ತು.

ಇದೂ ಈಗ ಬದಲಾಗುತ್ತಿದೆ. ಎರ್ನಾಕುಲಂ ನಾರ್ತ್ ಬಳಿ ಕೊಚ್ಚಿ ನಗರಪಾಲಿಕೆ 2021ರಲ್ಲಿ 10 ರೂಪಾಯಿಗೆ ಊಟ ಕೊಡುವ 'ಸಮೃದ್ಧಿ' ಹೋಟೆಲು ತೆರೆಯಿತು. 2023ರಲ್ಲಿ ಹೆಂಗಸರಿಗೆಂದೇ 'ಶೀ ಲಾಡ್ಜ್' ಕೂಡ ಶುರುವಾಯಿತು. ತಂಬಾನೂರಿನ ಬಸ್ ಟರ್ಮಿನಲ್ಲಿನಲ್ಲಿ ಒಂಟಿಯಾಗಿ ಬಂದಿಳಿಯುವ ಹೆಂಗಸರ ರಾತ್ರಿ ವಸತಿಗೆ ಸರ್ಕಾರವೇ 'ಎನ್ಡೆ ಕೂಡು' ಎಂಬ ಜಾಗ ಮಾಡಿತು. ನನ್ನ ಗೂಡು ಅಂತ ಅರ್ಥ.

ಊರಿನ ನಡುವೂ ಮತ್ತೆ ಸರಿಯುತ್ತಿದೆ. ಕೊಚ್ಚಿಯಲ್ಲಿ 2011ರಲ್ಲಿ ವೈಟ್ಟಿಲದ ಬಸ್ ನಿಲ್ದಾಣ, 2017ರಲ್ಲಿ ಮೆಟ್ರೋ ಬಂದ ಮೇಲೆ ಹೃದಯಭಾಗಗಳು ಹಲವಾಗಿವೆ. ನೀವು ತಿರುವನಂತಪುರಕ್ಕೆ ಹೋದರೆ ತಂಬಾನೂರಿನಲ್ಲೇ ರೂಮು ಮಾಡಿ, ಅಲ್ಲಿಂದ ಕಿಳಕ್ಕೇಕೋಟೆಗೆ ಆಟೋ ಹಿಡಿಯದೆ ನಡೆದೇ ಹೋಗಿ. ಹೆಚ್ಚೆಂದರೆ ಹದಿನೈದು ನಿಮಿಷದ ದಾರಿ. ಅಷ್ಟು ದೂರ ಬರಲು ಆ ಊರಿನ ಬಹುಪಾಲು ಜನರಿಗೆ ನೂರೈವತ್ತು ವರ್ಷ ಹಿಡಿಯಿತು.