‘ಅದು’ ಅಂದ್ರೆ ಯಾವುದು? ಅಮೆರಿಕ ಅಧ್ಯಕ್ಷರ ಕುರ್ಚಿಯ 126 ವರ್ಷಗಳ ಗೊಂದಲ

ಇವತ್ತಿನ ಕಥೆ ಒಂದು ಸರ್ವನಾಮದ್ದು. ಹೌದು, ಹೈಸ್ಕೂಲಿನ ವ್ಯಾಕರಣದಲ್ಲಿ ಬರುತ್ತಲ್ಲ, ಅದೇ.

ಅಧ್ಯಕ್ಷರು ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ ಅಥವಾ ಕೆಲಸ ಮಾಡೋಕಾಗದ ಸ್ಥಿತಿಗೆ ಬಂದರೆ ‘ಅದು’ ಉಪಾಧ್ಯಕ್ಷರಿಗೆ ಸೇರುತ್ತೆ ಅಂತ ಅಮೆರಿಕದ ಸಂವಿಧಾನ ಬರೆದವರು ಬರೆದಿಟ್ಟರು. ಅದು ಅಂದ್ರೆ ಯಾವುದು? ಅಧ್ಯಕ್ಷರ ಹುದ್ದೆಯಾ ಅಥವಾ ಆ ಹುದ್ದೆಯ ಕೆಲಸ ಮಾತ್ರನಾ? ಬಿಕಾಂ ಓದಿದ ನನ್ನ ತಲೆಗೆ ಇದು ಹೀಗೆ ಹತ್ತುತ್ತೆ: ಅಂಗಡಿ ಪರವಾಗಿ ಚೆಕ್ಕಿಗೆ ಸಹಿ ಹಾಕೋ ಅಧಿಕಾರ ಬೇರೆ, ಅಂಗಡಿಯೇ ನಿಮ್ಮ ಹೆಸರಿಗೆ ಆಗೋದು ಬೇರೆ.

1841ರ ಏಪ್ರಿಲ್ 4ರಂದು ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ತೀರಿಕೊಂಡರು. ಅಧಿಕಾರಕ್ಕೆ ಬಂದು ಒಂದೇ ತಿಂಗಳಾಗಿತ್ತು. ಉಪಾಧ್ಯಕ್ಷ ಜಾನ್ ಟೈಲರ್ ವಾಷಿಂಗ್ಟನ್‌ಗೆ ಬಂದು, ಹೋಟೆಲ್ಲಿನಲ್ಲೇ ಪ್ರಮಾಣವಚನ ತಗೊಂಡು, ನಾನು ಹಂಗಾಮಿ ಅಲ್ಲ, ಪೂರ್ತಿ ಅಧ್ಯಕ್ಷ ಅಂದುಬಿಟ್ಟರು. ವಿರೋಧಿಗಳು ಆಡಿಕೊಂಡರು. ಕೊನೆಗೆ ಕಾಂಗ್ರೆಸ್ಸಿನ ಎರಡೂ ಸದನ ಒಪ್ಪಿಕೊಂಡವು.

(ನಮ್ಮಲ್ಲಿ ಈ ತಕರಾರಿಲ್ಲ. 1977ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ಹೊಸ ರಾಷ್ಟ್ರಪತಿ ಬಂದರು, ಇವರು ಬಿಟ್ಟುಕೊಟ್ಟರು.)

ಟೈಲರ್ ಹಠದಿಂದ ಸಾವಿನ ಪ್ರಶ್ನೆ ಬಗೆಹರಿಯಿತು, ಕಾಯಿಲೆಯ ಪ್ರಶ್ನೆ ಕಗ್ಗಂಟಾಯಿತು. ಇದನ್ನ ಸ್ವಲ್ಪ ನಿಧಾನಕ್ಕೆ ಕೇಳಿ. 1881ರ ಜುಲೈ 2ರಂದು ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. 79 ದಿನ ಹಾಸಿಗೆಯಲ್ಲಿದ್ದು ಪ್ರಾಣ ಬಿಟ್ಟರು. ಅಷ್ಟೂ ದಿನ ಉಪಾಧ್ಯಕ್ಷ ಚೆಸ್ಟರ್ ಆರ್ಥರ್ ಅಧಿಕಾರ ಮುಟ್ಟಲಿಲ್ಲ. ಯಾಕಂದ್ರೆ ಟೈಲರ್ ಲೆಕ್ಕದಲ್ಲಿ ಒಮ್ಮೆ ಕೂತರೆ ಕುರ್ಚಿ ಪೂರ್ತಿ ಅವರದ್ದೇ. ಗಾರ್ಫೀಲ್ಡ್ ಹುಷಾರಾಗಿ ಎದ್ದು ಬಂದರೆ ಎಲ್ಲಿ ಕೂರಬೇಕು? ಸಂಪುಟದಲ್ಲೂ ಇದೇ ಭಯ ಇತ್ತು.

1919ರ ಅಕ್ಟೋಬರ್‌ನಲ್ಲಿ ವುಡ್ರೋ ವಿಲ್ಸನ್‌ಗೆ ಪಾರ್ಶ್ವವಾಯು ಹೊಡೆಯಿತು. ಯಾವ ಕಾಗದ ಒಳಗೆ ಹೋಗಬೇಕು, ಯಾವುದು ಬೇಡ ಅಂತ ಪತ್ನಿ ಈಡಿತ್ ತೀರ್ಮಾನಿಸುತ್ತಿದ್ದರು. ಅವರಿಗೆ ಯಾರೂ ಓಟು ಹಾಕಿರಲಿಲ್ಲ. ಉಪಾಧ್ಯಕ್ಷ ಮಾರ್ಷಲ್ ಸುಮ್ಮನಿದ್ದರು. ವಿದೇಶಾಂಗ ಸಚಿವ ರಾಬರ್ಟ್ ಲ್ಯಾನ್ಸಿಂಗ್ ಮಾತ್ರ ಸಂಪುಟದ ಸಭೆ ಕರೆದು ಕೆಲಸ ನಡೆಸಿದರು. ಸುಧಾರಿಸಿಕೊಂಡ ವಿಲ್ಸನ್ 1920ರ ಫೆಬ್ರವರಿಯಲ್ಲಿ ಅವರ ರಾಜೀನಾಮೆ ಕೇಳಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಅನ್ಯಾಯ ಆಗಿದ್ದು ಈ ಮನುಷ್ಯನಿಗೆ.

ಇಷ್ಟಾದರೂ ಯಾರೂ ಸಂವಿಧಾನ ಮುಟ್ಟಲಿಲ್ಲ. 1963ರಲ್ಲಿ ಕೆನಡಿ ಹತ್ಯೆ ಆಗಬೇಕಾಯಿತು. ಕುರ್ಚಿಗೆ ಬಂದ ಲಿಂಡನ್ ಜಾನ್ಸನ್‌ಗೆ ಮೊದಲೇ ಹಾರ್ಟ್ ಅಟ್ಯಾಕ್ ಆಗಿತ್ತು, ಉಪಾಧ್ಯಕ್ಷರ ಸ್ಥಾನ ಖಾಲಿ. ಮುಂದಿನ ಸರದಿ 71 ವರ್ಷದ ಸ್ಪೀಕರ್‌ದು, ಅವರ ನಂತರ ಸೆನೆಟ್ಟಿನ 86 ವರ್ಷದ ಕಾರ್ಲ್ ಹೇಡನ್.

ಇಂಡಿಯಾನಾದ ಯುವ ಸೆನೆಟರ್ ಬರ್ಚ್ ಬೈ ತಿದ್ದುಪಡಿ ಕೈಗೆತ್ತಿಕೊಂಡರು. ಅಲ್ಲಿ ತಿದ್ದುಪಡಿ ಅಂದ್ರೆ ಸುಲಭ ಅಲ್ಲ. ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ ಬೇಕು, ಆಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು. ಅಧ್ಯಕ್ಷರ ಸಹಿ ಬೇಕಾಗೇ ಇಲ್ಲ. 1965ರ ಜುಲೈ 6ರಂದು ಕಾಂಗ್ರೆಸ್ ದಾಟಿದ 25ನೇ ತಿದ್ದುಪಡಿಗೆ 1967ರ ಫೆಬ್ರವರಿ 10ರಂದು 38 ರಾಜ್ಯಗಳ ಒಪ್ಪಿಗೆ ಸಿಕ್ಕಿತು. ಅಧ್ಯಕ್ಷರು ಸತ್ತರೆ ಉಪಾಧ್ಯಕ್ಷರೇ ಅಧ್ಯಕ್ಷರು. ಕಾಯಿಲೆಯಾದರೆ ಬರೀ ಹಂಗಾಮಿ, ಹುಷಾರಾದ ಮೇಲೆ ಕುರ್ಚಿ ವಾಪಸ್. 2021ರ ನವೆಂಬರ್ 19ರಂದು ಬೈಡನ್ ಅರಿವಳಿಕೆಯಲ್ಲಿದ್ದಾಗ ಕಮಲಾ ಹ್ಯಾರಿಸ್ 85 ನಿಮಿಷ ಅಧಿಕಾರ ನಡೆಸಿ ಹಿಂದಿರುಗಿಸಿದರು. ಆರ್ಥರ್‌ಗೆ 79 ದಿನ ಆಗದೇ ಇದ್ದದ್ದು ಇದೇ.

ಆದರೆ ಅಧ್ಯಕ್ಷರೇ ಒಪ್ಪದಿದ್ದರೆ? ಅದಕ್ಕೆ ನಾಲ್ಕನೇ ವಿಧಿ ಇದೆ. ಉಪಾಧ್ಯಕ್ಷರು ಮತ್ತು ಸಂಪುಟದ ಬಹುಮತ ಸೇರಿ, ಇವರಿಂದ ಕೆಲಸ ಆಗ್ತಿಲ್ಲ ಅಂತ ಕಾಂಗ್ರೆಸ್ಸಿಗೆ ಪತ್ರ ಕೊಡಬಹುದು. ಅಧ್ಯಕ್ಷರು ತಕರಾರು ತೆಗೆದು, ಅವರೂ ಪಟ್ಟು ಹಿಡಿದರೆ ಕಾಂಗ್ರೆಸ್ 21 ದಿನದಲ್ಲಿ ತೀರ್ಮಾನಿಸಬೇಕು. ಕೆಳಗಿಳಿಸೋಕೆ ಎರಡೂ ಸದನದ ಮೂರನೇ ಎರಡು ಬಹುಮತ ಬೇಕು. ಉಪಾಧ್ಯಕ್ಷರನ್ನ ಅಧ್ಯಕ್ಷರು ತೆಗೆಯೋ ಹಾಗಿಲ್ಲ, ಸರಿ. ಆದರೆ ಸಂಪುಟದವರನ್ನ ಆರಿಸೋದೂ ಅವರೇ, ಕಳಿಸೋದೂ ಅವರೇ. ಲ್ಯಾನ್ಸಿಂಗ್‌ಗೆ ಆಗಿದ್ದು ಇವರಿಗೆ ಆಗಬಾರದು ಅಂತೇನೂ ಇಲ್ಲ. ಆ ಪತ್ರವನ್ನ ಇವತ್ತಿಗೂ ಯಾರೂ ಕೊಟ್ಟಿಲ್ಲ.

ಇದೇ ತಿದ್ದುಪಡಿಯಿಂದ ಜೆರಾಲ್ಡ್ ಫೋರ್ಡ್ ದೇಶದ ಮುಂದೆ ಚುನಾವಣೆಗೇ ನಿಲ್ಲದೆ ಮೊದಲು ಉಪಾಧ್ಯಕ್ಷ, ಆಮೇಲೆ ಅಧ್ಯಕ್ಷ ಆದರು. ಅದು ಮುಂದಿನ ಎಪಿಸೋಡಿಗೆ.