ದೆವ್ವದ ಜಾಗ ತೋರ್ಸಿ ಅನ್ನೋ ಮಕ್ಕಳಿಗೆ

ರಜಾ ಬಂದ್ರೆ ಸಾಕು, ಮಕ್ಕಳದ್ದು ಒಂದೇ ಹಠ, ದೆವ್ವ ಇರೋ ಜಾಗಕ್ಕೆ ಕರ್ಕೊಂಡ್ಹೋಗಿ ಅಂತ. ಮೊಬೈಲಲ್ಲಿ ನೋಡಿ ಎಲ್ಲೆಲ್ಲಿನ ಕೋಟೆ ಹೆಸರೋ ಹೇಳ್ತಾರೆ. ಅಷ್ಟು ದೂರ ಯಾಕ್ರೀ? ನಮ್ಮ ದಂಡಿನ ಕಡೇನೇ ಅರ್ಧ ದಿನ ಸುತ್ತಬಹುದು. ಆದ್ರೆ ಆ ಹೆದರಿಕೆ ಎಲ್ಲಿಂದ ಬಂತು ಅಂತ ದೊಡ್ಡವರು ಮೊದ್ಲು ತಿಳ್ಕೊಂಡಿರಬೇಕು.

ಕಂಟೋನ್ಮೆಂಟ್ ಸ್ಟೇಷನ್ನಿಂದ ಶುರು ಮಾಡಿ. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಮೊದಲ ರೈಲು ಬಂದಿದ್ದು ಇಲ್ಲಿಗೆ. ಊರು ಬೆಳೆದದ್ದು ರೈಲಿಂದ, ರೋಗ ಬಂದಿದ್ದೂ ರೈಲಿನ ದಾರೀಲೇ. 1896ರಲ್ಲಿ ಬೊಂಬಾಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಲ್ಲಿ ಬೆಂಗಳೂರು ಮುಟ್ಟಿತು. ಇಲಿ ಸತ್ತು ಬಿದ್ರೆ ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲಿಗೆ ಹೋಗ್ತಿದ್ರು. ಬೀದಿಗೆ ಬೀದಿನೇ ಖಾಲಿ. ಅಂಥ ಕತ್ತಲೆ ಮನೆ ಮುಂದೆ ಹಾದುಹೋದವ್ರಿಗೆ ಏನು ಕಾಣಿಸಿರಬೇಡ, ನೀವೇ ಹೇಳಿ! ಆವಾಗ ಎದ್ದ ಪ್ಲೇಗ್ ಮಾರಮ್ಮನ ಗುಡಿಗಳಿಗೆ ಇವತ್ತೂ ಪೂಜೆ ನಡೀತಿದೆ.

ಅಲ್ಲಿಂದ ಫ್ರೇಜರ್ ಟೌನ್, ಅಂದ್ರೆ ಈಗಿನ ಪುಲಕೇಶಿನಗರ. ಈಗಿನ ಶಿವಾಜಿನಗರದ ಕಡೆ ಒತ್ತೊತ್ತಾಗಿದ್ದ ಮನೆಗಳಲ್ಲಿ ಪ್ಲೇಗು ಹಬ್ಬಿತ್ತಲ್ಲ, ಅದಕ್ಕೇ ಗಾಳಿ ಬೆಳಕು ಬರೋ ಹಾಗೆ ಈ ಬಡಾವಣೆ ಕಟ್ಟಿದ್ರು. 1910ರಲ್ಲಿ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿಟ್ರು. ಹಳೇ ಮನೆ ಕಂಡ್ರೆ ಕಿಟಕಿ ಎಷ್ಟಿವೆ ಅಂತ ಮಕ್ಕಳ ಕೈಲಿ ಎಣಿಸಿ.

ಆಮೇಲೆ ಕಲ್ಪಳ್ಳಿ ಸ್ಮಶಾನ. ಸಂಜೆ ಹೊತ್ತು ಯಾರೋ ಒಬ್ಬ ಓಡಾಡ್ತಾನೆ, ಹತ್ರ ಹೋದ್ರೆ ಮಾಯ ಆಗ್ತಾನೆ ಅಂತಾರೆ. ಇಲ್ಲಿ ಮಾತ್ರ ನನ್ನ ಮಾತು ಕೇಳಿ. ಗಾಡಿ ನಿಲ್ಲಿಸ್ಬೇಡಿ, ಫೋಟೋ ತೆಗೀಬೇಡಿ. ಇವತ್ತೂ ಯಾರದೋ ಮನೆಯವ್ರು ಅಳ್ತಾ ಬರೋ ಜಾಗ ಅದು. ನಮ್ಮ ಬೀದಿಯವರೇ ಎಷ್ಟು ಜನ ಅಲ್ಲಿ ಮಲಗಿದಾರೆ. ಮಕ್ಕಳಿಗೆ ಅದು ತಮಾಷೆ ಆಗ್ಬಾರದು. ದಾಟುವಾಗ ಸುಮ್ನೆ ಕೈಮುಗಿಸಿ, ಸಾಕು.

ಕೊನೇಗೆ ಹಲಸೂರು ಕೆರೆ. ಮೊಸರನ್ನದ ಡಬ್ಬಿ ಬಿಚ್ಚಿ, ‘ನಾಳೆ ಬಾ’ ಕಥೆ ಹೇಳಿ. 1990ರ ಸುಮಾರಿಗೆ ಬೆಂಗಳೂರಲ್ಲಿ ಎಷ್ಟೋ ಬಾಗಿಲ ಮೇಲೆ ಬರೆದಿದ್ರಲ್ಲ? ರಾತ್ರಿ ಮನೆಯವರ ದನೀಲೇ ಕರೆಯೋ ದೆವ್ವ, ಬರೆದಿದ್ದು ಓದಿ ವಾಪಸ್ ಹೋಗತ್ತೆ, ಮಾರನೇ ದಿನ ಬಂದ್ರೆ ಮತ್ತೆ ಅದೇ ‘ನಾಳೆ’! ಮಕ್ಕಳು ಬಿದ್ದೂ ಬಿದ್ದೂ ನಗ್ತಾರೆ. 2018ರ ‘ಸ್ತ್ರೀ’ ಅನ್ನೋ ಹಿಂದಿ ಸಿನಿಮಾದಲ್ಲೂ ಗೋಡೆ ಮೇಲೆ ಇಂಥದ್ದೇ ಮಾತು ಬರೀತಾರೆ.

ಬೆಳಿಗ್ಗೆ ಎಂಟಕ್ಕೆ ಹೊರಟ್ರೆ ಊಟದ ಹೊತ್ತಿಗೆ ಕೆರೆ ಹತ್ರ ಇರ್ತೀರ. ತೀರಾ ಚಿಕ್ಕವ್ರಿಗೆ ಪ್ಲೇಗಿನ ವಿಷಯ ಬೇಡ, ಕಿಟಕಿ ಎಣಿಸಿದ್ರೆ ಸಾಕು. ಮನೇಲಿ ಎಂಬತ್ತು ದಾಟಿದವ್ರಿದ್ರೆ ಹೊರಡೋ ಮುಂಚೆ ಅವ್ರನ್ನ ಕೂರಿಸಿ ಕೇಳಿ. ಪ್ಲೇಗಿನ ಕಾಲದ್ದು ಅವ್ರ ಅಜ್ಜಿ ಹೇಳಿದ ಒಂದಾದ್ರೂ ಮಾತು ಅವ್ರಿಗೆ ನೆನಪಿರಬಹುದು. ಅವ್ರೂ ಹೋದ್ಮೇಲೆ ಹೇಳೋರು ಇರಲ್ಲ, ಈಗ್ಲೇ ಬರ್ಕೊಳ್ಳಿ.