ಡಾಕ್ ಬಂಗಲೆಯ ಕೋಳಿ

ನಮ್ಮ ತಾಲ್ಲೂಕು ಊರುಗಳಲ್ಲಿ ಇಂದಿಗೂ ‘ಐ.ಬಿ.’ ಎಂದೋ ‘ಪ್ರವಾಸಿ ಮಂದಿರ’ ಎಂದೋ ಕರೆಸಿಕೊಳ್ಳುವ ಕಟ್ಟಡಗಳ ಹಿರಿಯಣ್ಣ ಡಾಕ್ ಬಂಗಲೆ. ಡಾಕ್ ಎಂದರೆ ಟಪಾಲು. ರೈಲು ಬರುವ ಮೊದಲು ಟಪಾಲೂ ಪಲ್ಲಕ್ಕಿಯೂ ಹಂತ ಹಂತಕ್ಕೆ ಆಳು ಬದಲಿಸಿಕೊಂಡು ಸಾಗುತ್ತಿದ್ದವು. 1840ರ ದಶಕದ ಹೊತ್ತಿಗೆ ಆ ಹಾದಿಗಳಲ್ಲಿ ಕಂಪನಿ ಸರ್ಕಾರ ಇಂಥ ಬಂಗಲೆಗಳನ್ನು ಕಟ್ಟಿಸತೊಡಗಿತ್ತು. ತಂಗುತ್ತಿದ್ದವರು ಹೆಚ್ಚಾಗಿ ಯುರೋಪಿಯನ್ನರು, ಅಧಿಕಾರಿಗಳು. ಉಳಿದವರಿಗೆ ಛತ್ರ, ಸರಾಯಿ, ಇಲ್ಲವೇ ಮರದ ನೆರಳು.

ಒಳಗೆ ಮಂಚ, ಮೇಜು, ಕುರ್ಚಿ, ಬಚ್ಚಲು. ಹಾಸಿಗೆಯನ್ನು ಪ್ರಯಾಣಿಕರೇ ಹೊತ್ತು ತರಬೇಕು. ಮೊದಲು ಬಂದವರಿಗೆ ಕೋಣೆ. ಆದರೆ 24 ಗಂಟೆ ಕಳೆದ ಮೇಲೆ ಬೇರೊಬ್ಬರು ಬಂದರೆ ಜಾಗ ಬಿಡಬೇಕು.

ಊಟದ ಹೊಣೆ ಖಾನ್‌ಸಾಮನದು. ಅವನ ಅಡುಗೆಗೆ ಸಾಹೇಬರು ಇಟ್ಟಿದ್ದ ಅಡ್ಡಹೆಸರನ್ನು 1886ರ ‘ಹಾಬ್ಸನ್-ಜಾಬ್ಸನ್’ ಪದಕೋಶ ದಾಖಲಿಸಿದೆ: ‘ಸಡನ್ ಡೆತ್’, ಅಂದರೆ ದಿಢೀರ್ ಸಾವು. ಅತಿಥಿ ಕಾಲಿಟ್ಟಾಗ ಅಂಗಳದಲ್ಲಿ ಕೆದಕುತ್ತಿದ್ದ ಕೋಳಿ, ಅವನು ಸ್ನಾನ ಮುಗಿಸಿ ಬಟ್ಟೆ ತೊಟ್ಟು ಬರುವಷ್ಟರಲ್ಲಿ ತಟ್ಟೆಗೆ ಬಂದಿರುತ್ತಿತ್ತು.

ಉಂಡವರಿಗೆ ಇದು ತಮಾಷೆ. ಖಾನ್‌ಸಾಮನ ಕಡೆಯಿಂದ ನೋಡಿದರೆ ಲೆಕ್ಕಾಚಾರ. ಇವತ್ತು ಯಾರು ಬರುತ್ತಾರೆ, ಎಷ್ಟು ಜನ, ಯಾವ ಹೊತ್ತಿಗೆ, ಒಂದೂ ಗೊತ್ತಿಲ್ಲ. ಮಾಂಸ ಕೆಡದಂತೆ ಇಡಲು ಮಂಜುಗಡ್ಡೆಯಿಲ್ಲ. ಒಬ್ಬರ ಊಟಕ್ಕೆ ಕುರಿ ಕಡಿಯುವಂತಿಲ್ಲ. ಬೇಕಾದಾಗ ಹಿಡಿಯಬಹುದಾದ, ಅಲ್ಲಿಯವರೆಗೆ ತನ್ನಷ್ಟಕ್ಕೆ ಮೇಯುವ ಕೋಳಿಯೊಂದೇ ಅವನ ಉಗ್ರಾಣ. ಆಗಷ್ಟೇ ಕೊಯ್ದ ಊರುಕೋಳಿ ಗಟ್ಟಿಯಿದ್ದರೆ ತಪ್ಪು ಯಾರದು?

ಆ ಪ್ರಶ್ನೆಗೆ ಉತ್ತರ ಬರೆಯುವ ಪುಸ್ತಕ ಅತಿಥಿಯ ಕೈಯಲ್ಲಿತ್ತು. ಹೆಸರು, ಬಂದ ದಿನ, ಕೊಟ್ಟ ಹಣ, ಕೊನೆಗೆ ಅನಿಸಿಕೆ ಅಥವಾ ದೂರು. ಮೇಲಧಿಕಾರಿಗಳು ಅದನ್ನು ಓದುತ್ತಿದ್ದರು. ಖಾನ್‌ಸಾಮ ತನ್ನ ಮಾತು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಈ ಬಂಗಲೆಗಳ ಊಟದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಉಂಡವರ ಮಾತು.

1853ರಲ್ಲಿ ಮುಂಬಯಿ–ಠಾಣೆ ನಡುವೆ ರೈಲು ಓಡಿತು. ಹಳಿಗಳು ಹಬ್ಬಿದಂತೆ ಹೆದ್ದಾರಿಯ ಬಂಗಲೆಗಳು ಮಂಕಾದವು, ಅಡುಗೆ ಮಾತ್ರ ಉಳಿಯಿತು. ಕೋಲ್ಕತ್ತದಲ್ಲಿ ಆಲೂಗಡ್ಡೆ, ಬೇಯಿಸಿದ ಮೊಟ್ಟೆ ಹಾಕಿದ ‘ಡಾಕ್ ಬಾಂಗ್ಲಾ’ ಕೋಳಿ ಇಂದು ಹೋಟೆಲಿನ ಮೆನುವಿನಲ್ಲಿ ಸಾಹೇಬರ ಕಾಲದ ರುಚಿಯೆಂದು ಸಿಗುತ್ತದೆ. ಸಾಹೇಬರು ಉಂಡದ್ದು ನಿಜ. ಹೊತ್ತಲ್ಲದ ಹೊತ್ತಿನಲ್ಲಿ ಒಲೆ ಹೊತ್ತಿಸಿ, ಇದ್ದ ಮಸಾಲೆ ಅರೆದು, ಅದನ್ನೊಂದು ಊಟವನ್ನಾಗಿ ಮಾಡಿದವನು ಖಾನ್‌ಸಾಮ.